ಮೆಲ್ಲಕ ನಡಿಗೆಯ ಗೈಡು

ಎಲ್ಲ ಅನಾಹುತಕ್ಕೂ ಕಾರಣ ಕೆಲಸದ ಅರ್ಜಿಯಲ್ಲಿದ್ದ ಒಂದು ಖಾಲಿ ಸಾಲು. 'ಈ ಹಿಂದೆ ನೀವು ನಡೆದ ಅತಿ ದೂರದ ದಾರಿ ಯಾವುದು?' ಎಂದು ಅದರಲ್ಲಿ ಕೇಳಿತ್ತು. ಜಮಖಂಡಿಯ ಚಿದಾನಂದ ಪೆನ್ನು ಕಚ್ಚಿದ, ಜಂತಿ ನೋಡಿದ, ತಲೆ ಕೆರೆದುಕೊಂಡ. ಕೊನೆಗೆ 'ಶ್ರೀಶೈಲ. ಹನ್ನೊಂದು ಸಲ' ಎಂದು ಬರೆದು ಕಳಿಸಿಬಿಟ್ಟ.

ಶ್ರೀಶೈಲಕ್ಕೆ ಅವನು ಹನ್ನೊಂದು ಸಲ ಹೋಗಿದ್ದು ಸುಳ್ಳಲ್ಲ. ಪ್ರತಿ ವರ್ಷ ಯುಗಾದಿ ಹತ್ತಿರ ಬಂದಾಗ ಓಣಿಯ ಜನ ಪಾದಯಾತ್ರೆ ಹೊರಡುತ್ತಿದ್ದರು. ಅವರ ಹಾಸಿಗೆ, ಪಾತ್ರೆ, ಅಕ್ಕಿ ಚೀಲ ತುಂಬಿದ ಟೆಂಪೋ ಹೊಡೆದುಕೊಂಡು ಹೋಗುತ್ತಿದ್ದವನು ಚಿದಾನಂದ. ಹನ್ನೊಂದು ವರ್ಷವೂ ಅವನು ಪಾದ ಊರಿದ್ದು ಬ್ರೇಕಿನ ಮೇಲೆ.

ಕೆಲಸ ಕೊಡುವ ಕಂಪನಿ ಹುಬ್ಬಳ್ಳಿಯದು. ಪೇಟೆಯ ಜನರನ್ನು ಕರೆತಂದು ಬೋಳುಗುಡ್ಡ, ಹಿನ್ನೀರಿನ ದಂಡೆಯಲ್ಲಿ ನಡೆಸಿ ರಜೆ ಕಳೆಸುವುದು ಅದರ ವ್ಯಾಪಾರ. ಯಾರ ಕಾಲಿಗೆ ಎಷ್ಟು ಕಸುವಿದೆಯೋ ನೋಡಿ ಮೂರು ತಂಡ ಮಾಡುತ್ತಿದ್ದರು: ಮೆಲ್ಲಕ, ಸಾಧಾರಣ, ಬಿರುಸು. ಈ ಸುದ್ದಿ ಕೇಳಿ ಚಿದಾನಂದನ ಹೆಂಡತಿ ಗಂಗಾಂಬಿಕಾ ಹೊಲಿಗೆ ಮಷಿನ್ ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು.

"ನಡಿಯಾಕ ಜನ ರೊಕ್ಕ ಕೊಡ್ತಾರ? ಹರಕಿ ಇಲ್ಲ, ದೇವರಿಲ್ಲ, ಸುಮ್ಮಸುಮ್ಮನ?"

"ಹೂಂ ನೋಡ. ಅವರಿಗೆ ದಾರಿ ತೋರ್ಸಾಕ ಗೈಡ್ ಬೇಕಾಗ್ಯಾನ."

"ನೀವು ಮೂಲಿ ಅಂಗಡಿಗಿ ಕೊತಂಬ್ರಿ ತರಾಕ ಹೊಂಟ್ರೂ ಗಾಡಿ ಚಾಲೂ ಮಾಡಾವರು!"

"ಗೈಡ್ ಅಂದ್ರ ಕೈ ತೋರ್ಸಾಂವ. ಕಾಲಿನ ಕೆಲಸ ಬಂದಾವರದು," ಎಂದ ಚಿದಾನಂದ. ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗಂಗಾಂಬಿಕಾ ಮತ್ತೆ ಮಷಿನ್ ತುಳಿಯತೊಡಗಿದಳು. "ಆಗಲಿ. ಆದ್ರ ಇದೂ ಕೈ ಬಿಟ್ಟು ಹ್ವಾತಂದ್ರ ಸ್ವಾಮಾರದಿಂದ ಮಹಾಲಿಂಗಪುರಕ್ಕ ನಡೀರಿ. ಈಶ್ವರಣ್ಣಗ ಹೇಳಿಟ್ಟೇನಿ."

ಈಶ್ವರ ಅವಳ ಅಣ್ಣ, ಬೆಲ್ಲದ ವ್ಯಾಪಾರಿ. ಅವನ ಅಂಗಡಿಯಲ್ಲಿ ತಂಗಿಯ ಗಂಡನೆಂದರೂ ಅಷ್ಟೇ, ಹಮಾಲನೆಂದರೂ ಅಷ್ಟೇ, ಪೆಂಟಿ ಎಂಬ ಬೆಲ್ಲದ ದೊಡ್ಡ ಗಟ್ಟಿಗಳನ್ನು ಬೆನ್ನ ಮೇಲೆ ಹೊರಲೇಬೇಕು. ಎಲ್ಲರ ಕೈಗೂ ಮೊಬೈಲ್ ಬಂದು ತನ್ನ ಫೋಟೋ ಸ್ಟುಡಿಯೋ ಮುಚ್ಚಿದಾಗಿನಿಂದ ಚಿದಾನಂದನಿಗೆ ಕನಸಿನಲ್ಲೂ ಆ ಪೆಂಟಿಗಳೇ. ಹೇಗಾದರೂ ಗೈಡಿನ ಕೆಲಸ ಸಿಗಬೇಕಿತ್ತು.

ಕಂಪನಿಯವರು ಶನಿವಾರ ಪರೀಕ್ಷೆ ಇಟ್ಟರು. ಗೈಡ್ ತಾನೇ ಒಬ್ಬ ಪ್ರವಾಸಿಯನ್ನು ಆರಿಸಿ, ಅವರ ಕಸುವಿಗೆ ತಕ್ಕ ದಾರಿಯಲ್ಲಿ ನಡೆಸಿ ತೋರಿಸಬೇಕು. ಚಿದಾನಂದ ಕಣ್ಣು ಮುಚ್ಚಿ 'ಮೆಲ್ಲಕ' ಎಂದ. ಪ್ರವಾಸಿಯಾಗಿ ಹಿಂದಿನ ಓಣಿಯ ಅಕ್ಕವ್ವನನ್ನು ಆರಿಸಿದ.

ಅಕ್ಕವ್ವನಿಗೆ ಎಪ್ಪತ್ನಾಲ್ಕು ವರ್ಷ. ಕೈಯಲ್ಲಿ ಕೋಲು. ಕುತ್ತಿಗೆ ಬಗ್ಗಿಸಿ, ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಇಟ್ಟು ಬಸದಿಗೆ ಹೋಗುವುದನ್ನು ಅವನು ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ವರ್ಷಗಟ್ಟಲೆ ನೋಡಿದ್ದ. ನೂರು ಮಾರು ದಾಟಲು ಮುದುಕಿಗೆ ಹತ್ತು ನಿಮಿಷ ಬೇಕು. ಅವನ ಲೆಕ್ಕ ಇಷ್ಟೇ: ಒಂದು ಫರ್ಲಾಂಗಿಗೆ ಅಕ್ಕವ್ವ ಕೂತುಬಿಡುತ್ತಾಳೆ, ತಾನೂ ಬೇವಿನ ಮರದ ಕೆಳಗೆ ಕೂತು, ಕೈ ಮಾಡಿ ಗುಡ್ಡ ತೋರಿಸಿ, ನಾಲ್ಕು ಗಂಟೆಗೆ ಚಹಾ ಕುಡಿದು ಮನೆಗೆ ಬರುವುದು.

ಅಕ್ಕವ್ವ ಒಪ್ಪಿದಳು. "ಬರ್ತೇನಿ ತಮ್ಮಾ. ಆದ್ರ ನನ್ನ ಊಟ ಹೊತ್ತ ಮುಣಗೂದ್ರಾಗ ಆಗಬೇಕ. ಮುಣಗಿದ ಮ್ಯಾಲ ನಾ ನೀರೂ ಮುಟ್ಟಂಗಿಲ್ಲ."

"ಅಯ್ಯ ಆಯಿ, ನೀವು ಊಟ ಮಾಡಿ ಒಂದ ನಿದ್ದಿ ತಗದ್ರೂ ಹೊತ್ತ ಇರತೈತಿ," ಎಂದು ಚಿದಾನಂದ ಧೈರ್ಯ ಹೇಳಿದ.

ಶನಿವಾರ ಮಧ್ಯಾಹ್ನ ಮೂರಕ್ಕೆ ಬೀಳಗಿ ದಾಟಿ ಗುಡ್ಡದ ಬುಡದಲ್ಲಿ ಜೀಪು ಅವರನ್ನು ಇಳಿಸಿತು. ಪರೀಕ್ಷೆ ಮಾಡಲು ಕಂಪನಿಯಿಂದ ನೇಹಾ ಎಂಬವಳು ಬಂದಿದ್ದಳು. ತೇರದಾಳದ ಹೆಣ್ಣುಮಗಳು, ತಲೆಗೆ ಟೋಪಿ, ಕೈಯಲ್ಲಿ ನೋಟ್‌ಬುಕ್ಕು. ಗುಡ್ಡದ ತಗ್ಗಿನ ಸಂದಿಯಿಂದ ದಾಟಿ ಆಚೆ ಹಿನ್ನೀರಿನ ದಂಡೆ ಮುಟ್ಟುವುದು, ಒಟ್ಟು ಐದು ಕಿಲೋಮೀಟರು ಎಂದಳು. ಅಕ್ಕವ್ವನ ಬುತ್ತಿ ಹೊತ್ತು ಜೀಪು ದಂಡೆಯ ಕಡೆ ಹೊರಟೇಹೋಯಿತು.

"ನಮ್ಮಲ್ಲಿ ಒಂದ ನಿಯಮ ಐತ್ರಿ," ಎಂದಳು ನೇಹಾ. "ಎಲ್ಲಾರಕಿಂತ ಸಾವಕಾಶ ನಡಿಯೋರ ಸಂಗಾಟ ಉಳದಾವರೂ ನಡೀಬೇಕು. ಯಾರನ್ನೂ ಹಿಂದ ಬಿಟ್ಟು ಹೋಗಂಗಿಲ್ಲ."

"ಛಲೋ ನಿಯಮರಿ!" ಎಂದು ಚಿದಾನಂದ ಮನಸಾರೆ ಒಪ್ಪಿದ. ಬೇವಿನ ಮರ ಎಲ್ಲಿದೆ ಎಂದು ಅವನ ಕಣ್ಣು ಆಗಲೇ ಹುಡುಕುತ್ತಿತ್ತು. ಸಿಕ್ಕಿತು. ಅದರ ಕಡೆ ಕೈ ಎತ್ತಿ, "ಆಯಿ, ಅಕಾ ಅಲ್ಲಿ..." ಎಂದು ತಿರುಗಿ ನೋಡಿದರೆ ಪಕ್ಕದಲ್ಲಿ ಅಕ್ಕವ್ವ ಇಲ್ಲ.

ಅವಳು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ, ಸೀರೆ ಒಂದು ಗೇಣು ಮೇಲೆ ಸಿಕ್ಕಿಸಿ, ಬೇವಿನ ಮರವನ್ನೂ ದಾಟಿ ಏರು ಹತ್ತುತ್ತಿದ್ದಳು. ಬರಿಗಾಲು ಕಲ್ಲಿಂದ ಕಲ್ಲಿಗೆ ಹೊಲಿಗೆ ಮಷಿನ್ನಿನ ಸೂಜಿಯಂತೆ ಬೀಳುತ್ತಿತ್ತು. ಚಿದಾನಂದ ಬಾಯಿ ತೆರೆದವನು ಮುಚ್ಚಲು ಮರೆತ.

"ಆಯಿ! ಮೆಲ್ಲಕ! ಮೆಲ್ಲಕ!"

"ಮೆಲ್ಲಕನ ನಡದೇನಲ್ಲೋ!" ಎಂಬ ಉತ್ತರ ಮೇಲಿಂದ ಬಂತು.

ಅವನು ಓಡಿ, ಎಡವಿ, ಏದುಸಿರು ಬಿಡುತ್ತ ಅವಳನ್ನು ಮುಟ್ಟಿದ. "ಮತ್ತ... ಓಣ್ಯಾಗ... ಬಗ್ಗಿಕೊಂಡ... ಒಂದೊಂದ ಹೆಜ್ಜಿ..."

"ಓಣ್ಯಾಗ ಇರಿವಿ ಭಾಳ ತಮ್ಮಾ. ಕಿರಾಣಿ ಅಂಗಡಿ ಮುಂದ ಸಕ್ರಿ ಚಲ್ಲಿರತಾರ. ನೋಡದ ಕಾಲಿಟ್ರ ಪಾಪ ಜೀವ ಹೋಗಂಗಿಲ್ಲೇನು? ಇಲ್ಲಿ ಕಲ್ಲ ಸ್ವಚ್ಛ ಅದಾವ, ದೂರಿಂದ ಕಾಣತಾವ."

"ಮತ್ತ ಕೋಲು?"

"ನಾಯಿಗಿ. ಹೊಡಿಯಾಕಲ್ಲ ಮತ್ತ, ಬರೇ ತೋರ್ಸಾಕ."

ಜೈನ ಮುನಿಗಳು ಊರಿಂದೂರಿಗೆ ಬರಿಗಾಲಲ್ಲಿ ವಿಹಾರ ಹೊರಟಾಗಲೆಲ್ಲ ಅಕ್ಕವ್ವ ಅವರ ಹಿಂದೆ ನಡೆದವಳು. ದಿನಕ್ಕೆ ಹತ್ತು ಹನ್ನೆರಡು ಮೈಲಿ, ಅದೂ ಬಿಸಿಲೇರುವ ಮುಂಚೆ. "ಮುನಿ ಮಹಾರಾಜರು ನಡದ್ರ ನಾವು ಓಡೂದ ಆಕ್ಕೈತಿ," ಎಂದು ಅವಳು ಹೇಳಿದ್ದನ್ನು ಕೇಳಿ ಚಿದಾನಂದ ಕೆಳಗೆ ಬಿಟ್ಟುಬಂದ ಬೇವಿನ ಮರವನ್ನು ತಿರುಗಿ ನೋಡಿದ. ನೇಹಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಮೊದಲ ಏರು ಹತ್ತಿ ಇಳಿದರೆ ರಸ್ತೆ. ರಸ್ತೆಯ ಬದಿಗೆ ಒಂದು ಡೇರೆ. ಶ್ರೀಶೈಲಕ್ಕೆ ಹೋಗುವ ಯಾತ್ರಿಕರಿಗೆ ದಾಸೋಹ ನಡೆದಿತ್ತು. ಹೆಗಲಿಗೆ ಚೀಲ ಹಾಕಿದ ಮೂವರು ಗುಡ್ಡದಿಂದ ಇಳಿಯುವುದನ್ನು ಕಂಡದ್ದೇ ತಡ, ಡೇರೆಯ ಹಿರಿಯ ಮುರಗೆಪ್ಪ ಬಿಂದಿಗೆ ನೀರು ತಂದು ಮೂವರ ಕಾಲಿಗೂ ಸುರಿದೇಬಿಟ್ಟ.

"ಬರ್ರಿ, ಬರ್ರಿ! ಮಲ್ಲಯ್ಯನ ಭಕ್ತರು! ಇದು ಎಷ್ಟನೇ ವರ್ಷ?"

"ಇಲ್ರಿ, ನಾವು ಯಾತ್ರಿಕರಲ್ಲ," ಎಂದಳು ನೇಹಾ. "ರಜಾ ಕಳಿಯಾಕ ನಡದೀವಿ."

ಮುರಗೆಪ್ಪ ಬಿಂದಿಗೆ ಕೆಳಗಿಟ್ಟ. "ರಜಾ ಕಳಿಯಾಕ ನಡಿಯೂದು? ಮನ್ಯಾಗ ಜಗಳ ಏನರ ಆಗೇತೇನವಾ?" ಆಮೇಲೆ ತಾನೇ ಅರ್ಥ ಮಾಡಿಕೊಂಡವನಂತೆ ಕೈ ಮುಗಿದ. "ಗೊತ್ತಾತು. ಹರಕಿ ಬಾಯಿ ಬಿಟ್ಟು ಹೇಳಬಾರದು. ಕುಂದರ್ರಿ ಊಟಕ್ಕ."

ಮೂರು ಎಲೆ ಬಿದ್ದವು. ಅಕ್ಕವ್ವ ಹೊರಗಿನದು ಉಣ್ಣುವವಳಲ್ಲ. ನೇಹಾಳೂ ತನಗೆ ಅದೇ ನೇಮ ಎಂದು ಕೈ ಮುಗಿದಳು. ಮುರಗೆಪ್ಪನ ಮುಖ ಸಣ್ಣದಾಯಿತು. "ಹಾಕಿದ ಎಲಿ ಹಂಗ ಎತ್ತಿದ್ರ ನಮ್ಮ ಇಷ್ಟ ವರ್ಷದ ಸೇವಾ ನೀರಾಗ ಹ್ವಾದಂಗ. ನೀನರ ಮಾನ ಉಳಸೋ ಯಪ್ಪಾ," ಎಂದು ಚಿದಾನಂದನ ಕೈ ಹಿಡಿದ.

ಚಿದಾನಂದ ಮಾನ ಉಳಿಸಿದ. ಮೊದಲ ಎಲೆಯ ಹೋಳಿಗೆ ಖುಷಿಯಿಂದ ಇಳಿಯಿತು. ಎರಡನೆಯದು ಹೇಗೋ ಹೋಯಿತು. ಮೂರನೆಯ ಎಲೆಯ ಮುಳಗಾಯಿ ಪಲ್ಯ ಮುಗಿಸುವಾಗ ಕಣ್ಣಲ್ಲಿ ನೀರು ಬಂತು. ಮುರಗೆಪ್ಪ ಅದನ್ನು ಭಕ್ತಿ ಎಂದುಕೊಂಡು ಹತ್ತಿರ ಬಂದು ನೋಡಿದ, ಮತ್ತೊಮ್ಮೆ ನೋಡಿದ, ಕೂಗಿಯೇಬಿಟ್ಟ.

"ಲೇ! ನೀ ಟೆಂಪೋ ಚಿದಾನಂದ ಅಲ್ಲೇನಲೇ?"

ಚಿದಾನಂದನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮುರಗೆಪ್ಪ ನೇಹಾಳ ಕಡೆ ತಿರುಗಿದ. "ಹನ್ನೊಂದ ವರ್ಷ ಆತ್ರಿ ಮ್ಯಾಡಮ್ಮಾರ, ಇಂವ ಇದ ಡೇರೇದ ಊಟ ಉಣ್ಣಾಕತ್ತು! ಒಮ್ಮೆಯೂ ಗಾಡಿ ಬಿಟ್ಟು ಇಳದಾಂವಲ್ಲ. ಕಿಡಕ್ಯಾಗ ತಾಟ ಕೊಡತಿದ್ವಿ. ಇಂಥಾಂವ ಇವತ್ತ ಕಾಲಿಲೆ ನಡಕೊಂಡ ಬಂದಾನ ಅಂದ್ರ, ಮಲ್ಲಯ್ಯ ಅದಾನ ಬಿಡ್ರಿ, ಖರೇನ ಅದಾನ!"

ಅಷ್ಟಕ್ಕೇ ಬಿಡಲಿಲ್ಲ. ಕೊರಳಿಗೆ ಹಾರ ಹಾಕಿ, ಮೈಕು ಹಿಡಿದು, ಟೆಂಪೋ ಚಿದಾನಂದ ಜನ್ಮದಲ್ಲಿ ಮೊದಲ ಸಲ ನಡೆದ ಸಂಗತಿಯನ್ನು ನಾಲ್ಕು ಹೊಲದಾಚೆಗೂ ಕೇಳುವಂತೆ ಸಾರಿದ. ಡೇರೆಯ ಜನ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೇ ಎಂದು ಚಿದಾನಂದ ಎಲೆಯನ್ನೇ ನೋಡುತ್ತ ಕೂತ.

"ಅಂದ್ರ ಶ್ರೀಶೈಲಕ್ಕ ಹನ್ನೊಂದ ಸಲ...?" ಎಂದಳು ನೇಹಾ.

"ಹೋಗಿದ್ದಂತೂ ಖರೇರಿ," ಎಂದ ಅವನು, ಸಣ್ಣ ದನಿಯಲ್ಲಿ. ಅವಳ ಪೆನ್ನು ಮತ್ತೆ ಓಡಿತು. ಬೆಲ್ಲದ ಪೆಂಟಿಯೊಂದು ಆಗಲೇ ಬೆನ್ನೇರಿದಂತೆ ಅವನಿಗೆ ಅನಿಸಿತು.

ಡೇರೆ ಬಿಡುವಾಗ ಐದು ಗಂಟೆ ದಾಟಿತ್ತು. ಎದುರಿಗೆ ಗುಡ್ಡದ ಎರಡನೇ ಏರು, ಒಳಗೆ ಮೂರು ಎಲೆಯ ಊಟ. ಹತ್ತು ಹೆಜ್ಜೆಗೊಂದು ಕಲ್ಲು ಹುಡುಕಿ ಕೂತ. ಕೂತಲ್ಲಿಂದ ಏಳಲು ಇಬ್ಬರು ಹಿಡಿದೆತ್ತಬೇಕಾಯಿತು.

"ನೀವು ಮುಂದ ಹೋಗ್ರಿ. ನಾ ನಾಳಿ ಮುಂಜಾನಿ ಬರ್ತೇನಿ," ಎಂದು ಬೇಡಿಕೊಂಡ.

"ಹಿಂದ ಬಿಟ್ಟು ಹೋಗಂಗಿಲ್ರಿ. ನಿಯಮ ಐತಿ," ಎಂದಳು ನೇಹಾ. "ಛಲೋ ನಿಯಮ ಅಂತ ನೀವ ಅಂದಿದ್ರಿ."

ಅಕ್ಕವ್ವ ಸೂರ್ಯನ ಕಡೆ ಒಮ್ಮೆ ನೋಡಿದಳು. ಆಮೇಲೆ ಕೋಲಿನ ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ಸಂತೆಗೆ ಹೋಗಲೊಲ್ಲದ ಎಮ್ಮೆಯನ್ನು ಎಳೆದಂತೆ ಎಳೆಯತೊಡಗಿದಳು.

"ಆಯಿ, ನಾ ಸಾಯ್ತೀನಿ!"

"ಹೊತ್ತ ಮುಣಗಿದ ಮ್ಯಾಲ ಸಾಯಿ ತಮ್ಮಾ. ಮೊದಲ ನನ್ನ ಊಟ ಆಗಲಿ."

ಸಂದಿಯ ತುದಿ ಮುಟ್ಟಿದಾಗ ಕೆಳಗೆ ಹಿನ್ನೀರು ತಗಡಿನಂತೆ ಹೊಳೆಯುತ್ತಿತ್ತು. ದಂಡೆಯಲ್ಲಿ ಜೀಪು, ಜೀಪಿನಲ್ಲಿ ಬುತ್ತಿ. ಸೂರ್ಯ ನೀರಿಗೆ ಒಂದು ಮೊಳ ಮೇಲಿದ್ದ. ಅಕ್ಕವ್ವ ಮಧ್ಯಾಹ್ನದಿಂದ ಹನಿ ನೀರು ಕುಡಿದಿಲ್ಲ, ಈಗ ತಪ್ಪಿದರೆ ನಾಳೆ ಬೆಳಗಿನ ತನಕ ಉಪವಾಸ ಎಂಬುದು ಚಿದಾನಂದನಿಗೆ ಆಗ ನೆನಪಾಯಿತು. ತನಗಾಗಿ ಆ ಮುದುಕಿ ಒಂದು ಮಾತೂ ಬೈಯದೆ ಕಾಯುತ್ತಿದ್ದಾಳೆ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕಾಲು ಏಳಲಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಕೂತ, ಕಣ್ಣು ಮುಚ್ಚಿದ, ಜಾರಿದ.

ಪ್ಯಾಂಟಿನ ಹಿಂಭಾಗ ಗುಡ್ಡಕ್ಕೇ ಬಿಟ್ಟು, ಹಾರದ ಹೂವನ್ನು ದಾರಿಯುದ್ದಕ್ಕೂ ಚೆಲ್ಲಿ, ಅವನು ದಂಡೆಗೆ ಬಂದು ಬಿದ್ದ. ಹಿಂದೆಯೇ ಇಳಿದ ಅಕ್ಕವ್ವ ಕೈತೊಳೆದು, ಕಣ್ಣು ಮುಚ್ಚಿ ಕೈ ಮುಗಿದು, ಎರಡು ರೊಟ್ಟಿ ತಿಂದು ನೀರು ಕುಡಿದು ತಂಬಿಗೆ ಕೆಳಗಿಟ್ಟಳು. ಸೂರ್ಯ ನೀರು ಮುಟ್ಟಿದ. ಚಿದಾನಂದನ ಎದೆ ಹಗುರಾಯಿತು.

"ಮ್ಯಾಡಮ್ಮಾರ, ನಾ ಅರ್ಜಿದಾಗ ಸುಳ್ಳ ಬರದೇನಿ. ನನಗ ನಡಿಯಾಕ ಬರಂಗಿಲ್ಲ," ಎಂದ, ಬಿದ್ದಲ್ಲಿಂದಲೇ.

"ಗೊತ್ತಾತ್ರಿ," ಎಂದಳು ನೇಹಾ. "ಇಷ್ಟ ವರ್ಷದಾಗ ನಿಮ್ಮಂಥಾವರನ್ನ ನಾ ನೋಡೇ ಇಲ್ಲ."

ವಾಪಸು ಬರುವಾಗ ನೇಹಾ, ಅಕ್ಕವ್ವ ದಾರಿಯುದ್ದಕ್ಕೂ ಏನೋ ಮಾತಾಡಿಕೊಂಡರು, ಚಿದಾನಂದ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದ. ಜೀಪು ಜಮಖಂಡಿ ಮುಟ್ಟುವ ಹೊತ್ತಿಗೆ ಅವನ ಮೊಬೈಲು ಕಿಣಿಕಿಣಿ ಅಂದಿತು. 'ಶುಭಾಶಯಗಳು. ನಮ್ಮ ಕಂಪನಿಯ ಕೆಲಸಕ್ಕೆ ನಿಮ್ಮನ್ನು ಆಯ್ಕೆ ಮಾಡಲಾಗಿದೆ.' ಅಷ್ಟು ಓದಿ ಅವನಿಗೆ ಮುಂದಿನ ಸಾಲೇ ಕಾಣಲಿಲ್ಲ. ನೋವು ಮರೆತು, ಹರಿದ ಪ್ಯಾಂಟು ಮರೆತು, ಓಣಿಗೆಲ್ಲ ಕೇಳುವಂತೆ ಕೂಗುತ್ತ ಮನೆಗೆ ಬಂದ. ಗಂಗಾಂಬಿಕಾ ದಂಗಾಗಿ ಮೊಬೈಲು ಕಸಿದುಕೊಂಡು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದಳು.

"'ಗೈಡ್ ಹುದ್ದೆಗೆ ಶ್ರೀಮತಿ ಅಕ್ಕವ್ವ ಅವರು ಒಪ್ಪಿಕೊಂಡಿದ್ದಾರೆ.'"

"ಆಂ? ಮತ್ತ ನಾ?"

"ತಡೀರಿ. 'ತಾವೇ ಎಲ್ಲರಿಗಿಂತ ಹಿಂದೆ ಉಳಿಯುತ್ತೇವೆ ಎಂಬುದು ನಮ್ಮ ಪ್ರವಾಸಿಗಳ ದೊಡ್ಡ ಹೆದರಿಕೆ. ತಮ್ಮ ಹಿಂದೆ ಇನ್ನೂ ಒಬ್ಬರಿದ್ದರೆ ಎಂಥವರೂ ಧೈರ್ಯದಿಂದ ನಡೆಯುತ್ತಾರೆ. ಅಂಥ ಒಬ್ಬರಿಗಾಗಿ ಬಹಳ ದಿನ ಹುಡುಕಿದ್ದೆವು. ಶ್ರೀ ಚಿದಾನಂದ ಅವರು ಪ್ರತಿ ಶನಿವಾರ ಮೆಲ್ಲಕ ಹಾಗೂ ಸಾಧಾರಣ, ಪ್ರತಿ ಭಾನುವಾರ ಬಿರುಸು ತಂಡದ ಕೊನೆಯಲ್ಲಿ ನಡೆಯಬೇಕು. ವಾಹನ ಹತ್ತುವಂತಿಲ್ಲ. ಯಾವ ಪ್ರವಾಸಿಯೂ ಅವರಿಗಿಂತ ಹಿಂದೆ ಉಳಿಯಬಾರದು.'"

ಚಿದಾನಂದ ಗೋಡೆಗೆ ಆತು ನಿಂತ. ಗಂಗಾಂಬಿಕಾ ಬೆರಳು ಮಡಿಚಿ ಎಣಿಸಿದಳು. "ಶನಿವಾರ, ಐತವಾರ... ಸ್ವಾಮಾರದಿಂದ ಸುಕ್ಕರವಾರ ಖಾಲಿನ ಅದೀರಲ್ಲ!" ಎಂದವಳೇ ಅಣ್ಣನಿಗೆ ಫೋನು ಹಚ್ಚಿದಳು.

"ಕಳಸವ್ವ, ಕಳಸು," ಎಂದು ಈಶ್ವರನ ದನಿ ಫೋನಿನಿಂದ ಹೊರಗೂ ಕೇಳಿತು. "ಪೆಂಟಿ ಹೊತ್ತು ಹೊತ್ತು ತಿಂಗಳದಾಗ ಕಾಲು ಕಬ್ಬಿಣ ಆಕ್ಕಾವು!"

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ಕೇಳಿದಿ? ಕಾಲು ಗಟ್ಟಿ ಆದ್ರ ನಾ ಹಿಂದ ಹೆಂಗ ಉಳೀಲಿ? ಕಂಪನಿಯವರು ಕೆಲಸದಿಂದ ತಗದ ಹಾಕ್ತಾರ!" ಎಂದು ಚಿದಾನಂದ ಗೆದ್ದವನಂತೆ ಕೂಗಿದ.

ಗಂಗಾಂಬಿಕಾ ಫೋನು ಮತ್ತೆ ಕಿವಿಗಿಟ್ಟಳು.

"ಅಣ್ಣಾ, ಈಗ ಐದು ದಿನ ಬರ್ತಾರ. ಒಂದ ತಿಂಗಳಾದ ಮ್ಯಾಲ ಏಳೂ ದಿನಾ ಬರ್ತಾರಂತ."