ನನ್ನ ಜೈಲುವಾಸವೂ ಅಪ್ಪನ ಪಿಸ್ತೂಲೂ

ಮನುಷ್ಯನಾದವನಿಗೆ ಹೇಳಿಕೊಳ್ಳಲು ಏನಾದರೂ ಒಂದು ಇರಬೇಕು. ಕೆಲವರಿಗೆ ಓದು ಇರುತ್ತದೆ, ಕೆಲವರಿಗೆ ಮನೆತನ ಇರುತ್ತದೆ, ನನ್ನ ಷಡ್ಡಕನಿಗೆ ಮೀಸೆ ಇದೆ. ನನಗಿದ್ದದ್ದು ಹದಿನೆಂಟು ದಿನದ ಜೈಲು. ಹೆಂಡದ ಪಿಡುಗು ತೊಲಗಲಿ ಎಂದು ಈಚಲ ಮರಗಳನ್ನು ಕಡಿಯುವ ಚಳವಳಿ ನಡೆದಾಗ, ಯಲ್ದೂರಿನ ಕೆರೆಯ ಹಿಂದೆ ನಾನೂ ಒಂದು ಮರಕ್ಕೆ ಕೊಡಲಿ ಹಾಕಿದೆ. ಪೋಲೀಸರು ಹಿಡಿದು ಕೋಲಾರಕ್ಕೆ ಸಾಗಿಸಿದರು. ಅಂದಿನಿಂದ ಮದುವೆಮನೆಯಲ್ಲಾಗಲಿ ಸಾವಿನ ಮನೆಯಲ್ಲಾಗಲಿ "ನಾನು ಜೈಲಲ್ಲಿದ್ದಾಗ" ಎಂದು ಮಾತು ಶುರುಮಾಡುವುದು ನನಗೆ ಅಭ್ಯಾಸವಾಯಿತು. ಜನ ತಾಳ್ಮೆಯಿಂದ ಕೇಳುತ್ತಿದ್ದರು. ನಮ್ಮ ಕಡೆಯ ಜನ ಒಳ್ಳೆಯವರು.

ಹೀಗಿರಲು ಅಪ್ಪ ತೀರಿಕೊಂಡರು. ಅವರು ಪಟೇಲರಾಗಿದ್ದವರು. ಕಂದಾಯದ ಹಣ ಕೊಂಡೊಯ್ಯುವಾಗ ಸೊಂಟದಲ್ಲಿರಲಿ ಎಂದು ಒಂದು ಪಿಸ್ತೂಲಿಗೆ ಲೈಸೆನ್ಸು ಪಡೆದಿದ್ದರು. ಅವರು ಹೋದ ಮೇಲೆ ಅದನ್ನು ಠಾಣೆಗೆ ಒಪ್ಪಿಸಬೇಕಾಯಿತು. ಆ ವರ್ಷ ನಮ್ಮ ಮಾವಿನ ತೋಪಿಗೆ ಕೋತಿಗಳ ದಂಡೇ ಇಳಿದಿತ್ತು. ಕಾಯಿ ಕಚ್ಚುವುದು, ಹುಳಿ ಎಂದು ಎಸೆಯುವುದು, ಇನ್ನೊಂದು ಕೀಳುವುದು. ವರ್ಷದ ಊಟವೇ ಆ ಫಸಲಿನಲ್ಲಿತ್ತು. "ಮಾವನೋರು ಇದ್ದಾಗ ಒಂದು ಢಂ ಅನ್ನಿಸಿದ್ರೆ ವಾರ ಪೂರ್ತಿ ಒಂದು ಕೋತೀನೂ ಬರ್ತಿರಲಿಲ್ಲ. ಹೋಗಿ ಆ ಪಿಸ್ತೂಲು ಬಿಡಿಸ್ಕೊಂಡು ಬರಬಾರದಾ?" ಎಂದು ಹೆಂಡತಿ ದಿನಾ ಬೆಳಿಗ್ಗೆ ಕೇಳತೊಡಗಿದಳು.

ಶ್ರೀನಿವಾಸಪುರದ ಕಚೇರಿಗೆ ಹೋಗಿ ಅರ್ಜಿ ಬರೆದೆ. ಅದರಲ್ಲೊಂದು ಪ್ರಶ್ನೆ: ಅರ್ಜಿದಾರನಿಗೆ ಹಿಂದೆ ಯಾವುದಾದರೂ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೇ? ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ವರ್ಷಗಳಿಂದ ಕಾದಿದ್ದವನು ನಾನು. "ಹೌದು" ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಗುಮಾಸ್ತರು ಕನ್ನಡಕ ಮೇಲೆತ್ತಿದರು. "ಏಮಿ ಸ್ವಾಮೀ ಇದು? ಶಿಕ್ಷೆ ಆದೋರಿಗೆ ಲೈಸೆನ್ಸಿಲ್ಲ, ರೂಲಿದೆ. 'ಇಲ್ಲ' ಅಂತ ಬರೀರಿ. ಯಾರು ನೋಡ್ತಾರೆ?"

ನನಗೆ ಪಿತ್ತ ನೆತ್ತಿಗೇರಿತು. "ಯಾಕ್ರೀ ಬರೀಬೇಕು? ನಾನೇನು ಕನ್ನ ಹಾಕಿದ್ನಾ? ಕುಡಿದು ಹೆಂಡ್ತೀನ ಬಡಿಯೋನಿಗೆ ಲೈಸೆನ್ಸು ಕೊಡ್ತೀರಿ, ಅವನು ಕುಡಿಯೋ ಹೆಂಡದ ಮರ ಕಡಿದೋನಿಗೆ ಇಲ್ಲ ಅಂತೀರಿ. ಎಂಥಾ ರೂಲ್ರೀ ಅದು? 'ಹೌದು' ಅಂತಾನೇ ಇರ್ಲಿ. ಹಂಗೇ ಲೈಸೆನ್ಸು ಕೊಡಿ!" ಕಚೇರಿಯೆಲ್ಲ ತಿರುಗಿ ನೋಡಿತು. ನನಗೆ ಬಹಳ ಸಂತೋಷವಾಯಿತು. ಗುಮಾಸ್ತರು ನಿಟ್ಟುಸಿರು ಬಿಟ್ಟು, ಕೋಲಾರದ ಕೋರ್ಟಿನಿಂದ ದಾಖಲೆ ತರಿಸುತ್ತೇನೆ, ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಹದಿನೈದು ದಿನ ಕೋತಿಗಳು ನಿರಾತಂಕವಾಗಿ ತಿಂದವು. ಮತ್ತೆ ಹೋದಾಗ ಗುಮಾಸ್ತರ ಮುಖದಲ್ಲಿ ಮದುವೆಗೆ ಕರೆಯಲು ಬಂದವರ ಕಳೆ ಇತ್ತು. "ಸ್ವಾಮೀ, ನಿಮಗೆ ಶಿಕ್ಷೇನೇ ಆಗಿಲ್ಲ! ಹದಿನೆಂಟು ದಿನ ಇದ್ದದ್ದು ವಿಚಾರಣೆಗೆ. ಕೇಸು ವಜಾ."

"ಯಾಕೆ?" ಎಂದೆ. ಕೇಳಬಾರದಿತ್ತು.

"ಹೆಂಡದ ಕಂಟ್ರಾಕ್ಟರು ಸಾಕ್ಷಿ ಹೇಳಿದಾನೆ. ಈ ಮನುಷ್ಯ ಹೊಡೆದದ್ದು ನಿಜ, ಆದ್ರೆ ಮರಕ್ಕೆ ಏನೂ ಆಗಿಲ್ಲ, ಮೊದಲಿನ ಹಾಗೇ ಹೆಂಡ ಇಳೀತಿದೆ, ನನಗೆ ನಷ್ಟ ಇಲ್ಲ ಅಂತ."

ನೆನಪಾಯಿತು. ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಏನೋ ಓದಿದ್ದರು. ಜವಾನ "ಹೋಗಿ, ಹೋಗಿ" ಎಂದಿದ್ದ. ಶಿಕ್ಷೆ ಮುಗಿಯಿತೆಂದು ನಾನು ತಿಳಿದೆ. ಹೊರಗೆ ಚೆಂಡುಹೂವಿನ ಹಾರ ಹಾಕಿದರು. ಕೊರಳಿಗೆ ಹಾರ ಬಿದ್ದ ಮೇಲೆ ತೀರ್ಪಿನ ನಕಲು ಕೇಳುವವನು ಯಾರು?

"ಆ 'ಹೌದು' ಹೊಡೆದುಹಾಕಿ 'ಇಲ್ಲ' ಅಂತ ಬರೀರಿ. ಈ ವಾರದಲ್ಲೇ ಪಿಸ್ತೂಲು" ಎಂದು ಗುಮಾಸ್ತರು ಲೇಖನಿ ಚಾಚಿದರು. ಅತ್ತ ಅಪ್ಪನ ಪಿಸ್ತೂಲು, ವರ್ಷದ ಫಸಲು. ಇತ್ತ ನನ್ನ ಇಡೀ ಮರ್ಯಾದೆ. "ಬರೆಯೋದಿಲ್ಲ!" ಎಂದೆ. "ಕೋರ್ಟು ತಪ್ಪು ಮಾಡಿದ್ರೆ ಅದಕ್ಕೆ ನಾನು ಹೊಣೆಯಲ್ಲ. ನಾನು ಅಪರಾಧಿ. ನಿಮ್ಮ ಪಿಸ್ತೂಲು ನೀವೇ ಇಟ್ಕೊಳ್ಳಿ!" ಇಷ್ಟು ಹೇಳಿ ಅರ್ಜಿ ಹರಿದು ಹಾಕಿ ಬಂದುಬಿಟ್ಟೆ.

ಬಾಗಿಲಲ್ಲೇ ಹೆಂಡತಿ ಕೇಳಿದಳು, "ಏನಂದ್ರು?"

"ಜೈಲಿಗೆ ಹೋದೋನಿಗೆ ಕೊಡಲ್ವಂತೆ. ಸರ್ಕಾರಕ್ಕೆ ನನ್ನ ಕಂಡ್ರೆ ಇನ್ನೂ ಭಯ ಕಣೇ" ಎಂದೆ, ಎದೆ ಸೆಟೆಸಿ.

ಅವಳು ನನ್ನನ್ನೇ ನೋಡಿದಳು. ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಅಯ್ಯೋ, ಬಿಡಿ. ಆ ಮರ ಇನ್ನೂ ನಿಂತೈತೆ ಅಂತ ಊರಿಗೆಲ್ಲ ಗೊತ್ತು. ಪಟೇಲರ ಮಗನ ಮರ ಅಂತ ಹೆಸರೇ ಇಟ್ಟವ್ರೆ. ಅದರ ಹೆಂಡಕ್ಕೇ ಗಿರಾಕಿ ಜಾಸ್ತಿಯಂತೆ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ."

ನಾನು ಕೂರಲೂ ಇಲ್ಲ, ನೀರೂ ಕೇಳಲಿಲ್ಲ. ಮೂಲೆಯಲ್ಲಿದ್ದ ಖಾಲಿ ಸೀಮೆಎಣ್ಣೆ ಡಬ್ಬವನ್ನೂ ಅದನ್ನು ಬಡಿಯಲು ಒಂದು ಕೋಲನ್ನೂ ತೆಗೆದುಕೊಂಡು, ಈ ವಿಷಯ ಕೋತಿಗಳಿಗಾದರೂ ಗೊತ್ತಿರಲಾರದು ಎಂಬ ಧೈರ್ಯದ ಮೇಲೆ ತೋಪಿನ ಕಡೆ ನಡೆದೆ.