ಶಿಖರದ ಮೇಲೆ ಯಾರೋ ಇದ್ದಾರೆ

ಕಣ್ಣು ಹಾಯಿಸಿದಷ್ಟು ದೂರ ಕಲ್ಲು, ಹುಲ್ಲು, ಕಣಿವೆ. ಅಷ್ಟು ದೊಡ್ಡ ಬೆಟ್ಟಸಾಲಿನಲ್ಲಿ ಆ ನುಸಿಗೆ ಓಡಾಡಲು ಬೇರೆಲ್ಲೂ ಜಾಗ ಸಿಗಲಿಲ್ಲ. ನೆಟ್ಟಗೆ ಬಂದು ದುರ್ಬೀನಪ್ಪನ ದುರ್ಬೀನಿನೊಳಗೆ ಹೊಕ್ಕಿತು.

ದುರ್ಬೀನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರು ಕೊಟ್ಟ ಬಿರುದು. ವ್ಯೂ ಪಾಯಿಂಟಿನ ಕಬ್ಬಿಣದ ಕಟಕಟೆಯ ಪಕ್ಕ ಮೂರು ಕಾಲಿನ ಹಿತ್ತಾಳೆ ದುರ್ಬೀನು ನಿಲ್ಲಿಸಿಕೊಂಡು, ಬಂದ ಪ್ರವಾಸಿಗರಿಗೆ ಎದುರಿನ ಶಿಖರ ತೋರಿಸಿ ಹೊಟ್ಟೆ ಹೊರೆಯುವುದು ಅವನ ಕಸುಬು. ಕಸುಬೇನೋ ಕೂತು ತಿನ್ನುವಂಥದ್ದೇ. ಆದರೆ ಶಿಖರಕ್ಕೊಂದು ಕೆಟ್ಟ ಚಾಳಿ. ಪಾತ್ರೆ ತೊಳೆಯುವ ಹೊತ್ತಿಗೆ ನೆಂಟರು ಮಾಯವಾಗುವ ಹಾಗೆ, ಪ್ರವಾಸಿ ಬಸ್ಸು ಬಂದು ನಿಂತ ಕೂಡಲೇ ಮಂಜಿನೊಳಗೆ ಮಾಯವಾಗುತ್ತಿತ್ತು.

"ಮಂಜು ನೋಡೋಕೆ ದುರ್ಬೀನು ಯಾಕ್ರೀ? ನಮ್ಮನೆ ಬಚ್ಚಲಲ್ಲೇ ಬೇಕಾದಷ್ಟು ಹಬೆ ಇದೆ" ಎಂದು ಜನ ಮೂತಿ ತಿರುಗಿಸಿ ಹೋಗುತ್ತಿದ್ದರು. ಮನೆಯಲ್ಲಿ ಹೆಂಡತಿಯದು ಇನ್ನೊಂದು ರಾಗ: "ಶಿಖರ ಕಂಡ ದಿನ ಮಾತ್ರ ಒಲೆ ಹಚ್ಚೋದಾದ್ರೆ, ಉಳಿದ ದಿನ ಮಕ್ಕಳಿಗೆ ಮಂಜು ಕಲಸಿ ತಿನ್ನಿಸ್ಲಾ?"

ಕೊನೆಗೆ ಅವನೊಂದು ಉಪಾಯ ಹೂಡಿದ. ಫೋಟೋ ಸ್ಟುಡಿಯೋದವನ ಕೈಕಾಲು ಹಿಡಿದು, ನೀಲಿ ಆಕಾಶದಲ್ಲಿ ಶಿಖರ ಫಳಫಳ ಹೊಳೆಯುವ ಒಂದು ಉಗುರಗಲದ ಫಿಲ್ಮು ತಂದ. ದುರ್ಬೀನಿಗೆ ಕಣ್ಣಿಡುವ ಕಡೆ ಗಾಜು ಬಿಚ್ಚಿ, ಒಳಗೆ ಅದನ್ನು ಸೇರಿಸಿ, ಮತ್ತೆ ತಿರುಗಿಸಿಬಿಟ್ಟ. ಅಂದಿನಿಂದ ಎಂಥ ಮಂಜಿದ್ದರೂ ಕಣ್ಣಿಟ್ಟವರಿಗೆ ಶಿಖರದ ದರ್ಶನ. ಕೇಳಿದವರಿಗೆ, "ಮಂಜನ್ನೇ ಸೀಳೋ ಗಾಜು ಸಾರ್ ಇದು!" ಎನ್ನುತ್ತಿದ್ದ. ಜನ ಖುಷಿಪಟ್ಟಷ್ಟೂ ಅವನ ನಾಲಗೆ ಉದ್ದವಾಯಿತು. "ನಾನೇ ಎಷ್ಟು ಸಲ ಹತ್ತಿ ಬಂದಿದೀನಿ! ಅಲ್ಲಿನ ಕಲ್ಲುಕಲ್ಲೂ ನನ್ನ ಪರಿಚಯ" ಎಂದೂ ಸೇರಿಸತೊಡಗಿದ. ಮನೆಯ ಅಟ್ಟ ಹತ್ತಿದರೂ ಅವನ ಮಂಡಿ ಕಟಕಟ ಅನ್ನುತ್ತಿತ್ತೆಂಬುದು ಹೆಂಡತಿಗೊಬ್ಬಳಿಗೇ ಗೊತ್ತು.

ಆ ದಿನ ಬೆಳಗ್ಗೆ ಪಕ್ಕದ ಅಂಗಡಿಯ ಚಹಾದಕ್ಕ ಲೋಟ ಕೈಗಿಡುತ್ತಲೇ ಬಿಸಿಬಿಸಿ ಸುದ್ದಿಯನ್ನೂ ಇಟ್ಟಳು. "ಏನೋ ದುರ್ಬೀನಪ್ಪ, ಟೂರಿಸಂ ಇಲಾಖೆ ಸಾಹೇಬರು ನಿನ್ನೇನೇ ಊರಿಗೆ ಬಂದಿದಾರಂತೆ. ಮಂಜಲ್ಲೂ ಶಿಖರ ತೋರಿಸ್ತಾನೆ, ಏನೋ ಮೋಸ ಇದೆ ಅಂತ ನಿನ್ನ ಮೇಲೆ ದೂರು ಹೋಗಿದೆ. ನಿಜವಾದ್ರೆ ಲೈಸೆನ್ಸು ಕಿತ್ಕೋತಾರಂತಪ್ಪ."

"ಯಾರು ಕೊಟ್ಟಿದ್ದು ದೂರು?"

ಚಹಾದಕ್ಕ ಕುದುರೆ ಕಟ್ಟಿದ ಕಡೆಗೆ ಗದ್ದ ತಿರುಗಿಸಿದಳಷ್ಟೆ.

ಅಲ್ಲಿ ಅವನ ಷಡ್ಡಕ ಕುದುರೆಯ ಬೆನ್ನುಜ್ಜುತ್ತಾ ನಿಂತಿದ್ದ. ಅಕ್ಕನನ್ನು ಒಬ್ಬ, ತಂಗಿಯನ್ನು ಒಬ್ಬ ಕಟ್ಟಿಕೊಂಡವರು ಒಂದೇ ಊರಲ್ಲಿರುವುದೇ ಕಷ್ಟ. ಇವರದು ಒಂದೇ ಬೆಟ್ಟದ ವ್ಯಾಪಾರ. ಶಿಖರದತ್ತ ಜನರನ್ನು ಕುದುರೆಯ ಮೇಲೆ ಕರೆದೊಯ್ಯುವುದು ಷಡ್ಡಕನ ಕಸುಬು. ದುರ್ಬೀನಿನಲ್ಲಿ ಕಂಡ ಮೇಲೆ ಅಷ್ಟು ದೂರ ಕುಲುಕಿಸಿಕೊಂಡು ಹೋಗುವ ಹುಚ್ಚು ಯಾರಿಗಿದೆ?

ದುರ್ಬೀನಪ್ಪ ಚಹಾದ ಲೋಟ ಅಲ್ಲೇ ಇಟ್ಟ. ಓಡಿ ಹೋಗಿ ಫಿಲ್ಮು ತೆಗೆದುಬಿಡೋಣವೆಂದು ಗಾಜಿನ ತಿರುಪಿಗೆ ಕೈ ಹಾಕಿದ. ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಉಣ್ಣೆ ಟೋಪಿಯ ಅಜ್ಜಿಯೊಬ್ಬಳು ಎಲ್ಲರನ್ನೂ ಮೊಣಕೈಯಲ್ಲಿ ತಿವಿದುಕೊಂಡು ಮುಂದೆ ಬಂದು ದುರ್ಬೀನನ್ನು ತಬ್ಬಿಕೊಂಡಳು.

"ಅಬ್ಬಾ! ಎಷ್ಟು ಚೆನ್ನಾಗಿದೆ!" ಎಂದಳು. ಆಮೇಲೆ, "ಅಯ್ಯಯ್ಯೋ!" ಎಂದು ಕಿರುಚಿದಳು. "ಮೇಲೆ ಯಾರೋ ಇದಾರಪ್ಪ! ಕೈ ಬೀಸ್ತಿದಾರೆ! ಸಿಕ್ಕಿಹಾಕ್ಕೊಂಡಿದಾರೆ ಪಾಪ!"

ದುರ್ಬೀನಪ್ಪ ನಗುತ್ತಲೇ ಬಗ್ಗಿ ನೋಡಿದ. ನಗು ಅಲ್ಲೇ ಹೆಪ್ಪುಗಟ್ಟಿತು. ಫಿಲ್ಮಿನ ಮೇಲೆ, ಶಿಖರದ ತುತ್ತತುದಿಯಲ್ಲಿ, ನುಸಿಯೊಂದು ಅಂಟಿಕೊಂಡು ಒದ್ದಾಡುತ್ತಿತ್ತು. ಅಜ್ಜಿ ಎರಡು ಕೈ ಕಂಡಿದ್ದಳು. ಇವನಿಗೆ ಆರೂ ಕಂಡವು.

"ಅದು... ಕಲ್ಲಿರಬೇಕು, ಅಜ್ಜಿ."

"ಕಲ್ಲು ಕೈ ಬೀಸುತ್ತೇನೋ? ನನಗೇನು ಕಣ್ಣು ಕಾಣಲ್ಲ ಅಂದ್ಕೊಂಡ್ಯಾ?"

ಅಜ್ಜಿಯ ಕೂಗಿಗೆ ಪೊಲೀಸ್ ಪೇದೆ ಓಡಿ ಬಂದ, ನೋಡಿದ, ಸೀಟಿ ಊದಿದ. "ಹೌದು ಕಣ್ರೀ, ಮನುಷ್ಯಾನೇ! ಬಹಳ ಒದ್ದಾಡ್ತಿದಾನೆ!" ಇಡೀ ಬಸ್ಸು ಸಾಲುಗಟ್ಟಿ ನೋಡಿ ಲೊಚಗುಟ್ಟಿತು. ಒಬ್ಬನಿಗೆ ಅದು ಹೆಂಗಸಾಗಿ ಕಂಡಿತು, ಇನ್ನೊಬ್ಬನಿಗೆ ಗಡ್ಡವೂ ಕಂಡಿತು. ಷಡ್ಡಕ ಕೊನೆಯಲ್ಲಿ ಬಂದ. ಒಂದು ಸಲ ದುರ್ಬೀನಿಗೆ ಕಣ್ಣಿಟ್ಟ, ಒಂದು ಸಲ ತಲೆಯೆತ್ತಿ ಎದುರಿನ ಬಿಳಿ ಮಂಜನ್ನು ನೋಡಿದ.

"ಅಲ್ಲಾ, ಇಂಥ ಮಂಜಲ್ಲಿ ಇಷ್ಟು ನಿಚ್ಚಳವಾಗಿ ಹೆಂಗೆ ಕಾಣುತ್ತೆ?"

"ಥೂ! ಅಲ್ಲೊಂದು ಜೀವ ಹೋಗ್ತಿದೆ, ನಿನಗೆ ಹೊಟ್ಟೆಕಿಚ್ಚು!" ಚಹಾದಕ್ಕ ಅವನ ಬಾಯಿ ಮುಚ್ಚಿಸಿದಳು. "ಹೋಗೋ, ಕುದುರೆಗೆ ಜೀನು ಹಾಕು. ದುರ್ಬೀನಪ್ಪ ದಾರಿ ತೋರಿಸ್ತಾನೆ. ಕಲ್ಲುಕಲ್ಲೂ ಅವನ ಪರಿಚಯ!"

"ನಾ... ನಾನಾ?"

"ಇನ್ಯಾರು, ನಾನಾ?"

ಪೇದೆ ಹಗ್ಗದ ಸುರುಳಿ ತಂದು ಅವನ ಹೆಗಲಿಗೇರಿಸಿದ. ಹೋಗುವ ಮೊದಲು ಗಾಜು ಒರೆಸಿಬಿಡುತ್ತೇನೆಂದು ದುರ್ಬೀನಪ್ಪ ಗೋಗರೆದ. "ಯಾರೂ ಮುಟ್ಟಂಗಿಲ್ಲ! ಅಲ್ಲಾಡಿದ್ರೆ ಮನುಷ್ಯ ತಪ್ಪಿಹೋಗ್ತಾನೆ!" ಎಂದು ಪೇದೆ ಲಾಠಿ ಅಡ್ಡ ಹಿಡಿದು ದುರ್ಬೀನಿಗೆ ಕಾವಲು ನಿಂತ. ನಿಜ ಹೇಳಿದರೆ ಲೈಸೆನ್ಸು ಹೋಗುತ್ತದೆ, ಹೇಳದಿದ್ದರೆ ಮಂಡಿ ಹೋಗುತ್ತದೆ. ಮಂಡಿಯಿಂದ ಮನೆ ನಡೆಯುವುದಿಲ್ಲವಲ್ಲ, ಹೋದರೆ ಹೋಗಲೆಂದು ಅವನು ಹೊರಟ.

ಮೊದಲರ್ಧ ದಾರಿ ಕುದುರೆ ಹೊತ್ತಿತು. ಕುದುರೆಯೂ ಷಡ್ಡಕನ ಕಡೆಯದೇ ತಾನೆ, ಒಂದು ಹಳ್ಳವನ್ನೂ ಬಿಡದೆ ಕುಲುಕಿಸಿತು. ಮುಂದೆ ಬರೀ ಬಂಡೆ. ಷಡ್ಡಕ ಕುದುರೆ ಕಟ್ಟಿ, ಹಿಂದಿನಿಂದ ಇವನನ್ನು ಗೋಧಿಮೂಟೆಯಂತೆ ತಳ್ಳುತ್ತಾ ಹತ್ತಿಸಿದ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಷಡ್ಡಕನ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಷ್ಟಾದರೂ ಸುಖ.

"ಈಗ ಎಡಕ್ಕೋ ಬಲಕ್ಕೋ? ಕಲ್ಲುಗಳನ್ನ ಕೇಳು, ಪರಿಚಯದವಲ್ವಾ?"

"ಎ... ಎಡಕ್ಕೆ."

ಎಡಕ್ಕೆ ಮುಳ್ಳುಪೊದೆಯಿತ್ತು. ಬಲಕ್ಕೆ ಹೋದರೆ ಜಾರುಬಂಡೆ. ದುರ್ಬೀನಪ್ಪ ಕುಳಿತ ಭಂಗಿಯಲ್ಲೇ ಒಂದಷ್ಟು ದೂರ ಹಿಂದಕ್ಕೆ ಪ್ರಯಾಣ ಮಾಡಿದ. ಪ್ಯಾಂಟಿನ ಹಿಂಭಾಗ ಬಂಡೆಯ ಮೇಲೆಯೇ ಉಳಿಯಿತು.

"ಷಡ್ಡಕಾ," ಎಂದ ಅವನು ಏದುಸಿರು ಬಿಡುತ್ತಾ, "ನಿನಗೊಂದು ಮಾತು ಹೇಳ್ಬೇಕು."

"ಹೇಳು. ಅದಕ್ಕೇ ಅಲ್ವಾ ನಾನು ಜೊತೆಗೆ ಬಂದಿದ್ದು."

"ಇಲ್ಲಿ ಯಾರೂ ಇಲ್ಲ ಕಣೋ."

"ಏನಂದೆ? ಜೋರಾಗಿ ಹೇಳು."

ದುರ್ಬೀನಪ್ಪನ ತಾಳ್ಮೆ ಪ್ಯಾಂಟಿನ ಜೊತೆಗೇ ಹರಿದಿತ್ತು. ಎರಡೂ ಕೈ ಬಾಯಿಗೆ ಹಿಡಿದು ಬೆಟ್ಟ ನಡುಗುವ ಹಾಗೆ ಕಿರುಚಿದ: "ಯಾರೂ ಇಲ್ಲ ಇಲ್ಲಿ! ಯಾ...ರೂ ಇಲ್ಲ!"

ಮಂಜಿನೊಳಗಿಂದ ಕ್ಷೀಣವಾದ ದನಿಯೊಂದು ಬಂತು: "ಇದೀನ್ರೀ! ಇಲ್ಲೇ ಇದೀನಿ! ಹೋಗ್ಬೇಡಿ!"

ಷಡ್ಡಕರಿಬ್ಬರೂ ಮದುವೆಯಾದ ಮೇಲೆ ಮೊದಲ ಸಲ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಎರಡು ಬಂಡೆಗಳ ನಡುವಿನ ಸಂದಿಯಲ್ಲಿ, ಬಾಟಲಿಗೆ ಹೊಡೆದ ಬಿರಡೆಯಂತೆ, ಸ್ವೆಟರು ತೊಟ್ಟ ದಪ್ಪ ಮನುಷ್ಯರೊಬ್ಬರು ಸಿಕ್ಕಿಕೊಂಡಿದ್ದರು. ಹಗ್ಗ ಕಟ್ಟಿ ಎಳೆದಾಗ ಪಟ್ ಎಂದು ಹೊರಬಂದು ದುರ್ಬೀನಪ್ಪನ ಮೇಲೆಯೇ ಬಿದ್ದರು. ಕಾಲು ಉಳುಕಿತ್ತು, ಬಾಯಿ ಸರಿಯಾಗಿಯೇ ಇತ್ತು.

"ನಾನಿಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು?"

"ಕೆಳಗಿಂದ... ದುರ್ಬೀನಲ್ಲಿ..." ದುರ್ಬೀನಪ್ಪ ತೊದಲಿದ.

ಆ ಮನುಷ್ಯರ ಕಣ್ಣು ತುಂಬಿ ಬಂತು. "ನೀವೇನಾ ಆ ದುರ್ಬೀನಿನವರು? ನಾನು ಇಲಾಖೆಯವನು ಕಣ್ರೀ. ನಿಮ್ಮ ಮೇಲೆ ದೂರಿತ್ತು. ನಾನೇ ಮೇಲೆ ಹೋಗಿ ಕೈ ಬೀಸ್ತೀನಿ, ಆಮೇಲೆ ಕೆಳಗಿಳಿದು ಕೇಳ್ತೀನಿ, ಕಣ್ಣಿಟ್ಟವರಿಗೆ ಕಂಡಿದ್ರೆ ದುರ್ಬೀನು ನಿಜ, ಇಲ್ಲದಿದ್ರೆ ಮೋಸ ಅಂತ ಪರೀಕ್ಷೆ ಮಾಡೋಕೆ ನಸುಕಲ್ಲೇ ಯಾರಿಗೂ ಹೇಳದೆ ಹತ್ತಿ ಬಂದೆ. ಜಾರಿಬಿಟ್ಟೆ. ಈ ಮಂಜಲ್ಲಿ ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ನಿಮಗೆ ಕಂಡಿತಲ್ರೀ!"

ಷಡ್ಡಕನ ಬಾಯಿ ತೆರೆದದ್ದು ಕೆಳಗಿಳಿಯುವವರೆಗೂ ಮುಚ್ಚಲಿಲ್ಲ.

ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಅಜ್ಜಿ ದುರ್ಬೀನಪ್ಪನ ಕೆನ್ನೆ ಹಿಂಡಿದಳು. ಚಹಾದಕ್ಕ ಅವನ ಹರಿದ ಪ್ಯಾಂಟಿಗೆ ಟೀ ಟವೆಲು ಸುತ್ತಿ ಮಾನ ಕಾಪಾಡಿದಳು. ಕುದುರೆಯಿಂದಿಳಿದ ಸಾಹೇಬರು ಎಲ್ಲರೆದುರು ಗಂಟಲು ಸರಿಪಡಿಸಿಕೊಂಡು, "ಈ ಮನುಷ್ಯನ ಲೈಸೆನ್ಸನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ. ಕುದುರೆ ಬಾಡಿಗೆಯೂ ಇಲಾಖೆದೇ" ಎಂದು ಸಾರಿದರು.

ದುರ್ಬೀನಪ್ಪನಿಗೆ ಸನ್ಮಾನ ಬೇಕಿರಲಿಲ್ಲ. ಆ ದುರ್ಬೀನಿನ ಜೊತೆ ಒಂದು ನಿಮಿಷದ ಏಕಾಂತ ಬೇಕಿತ್ತು. ಪೇದೆಯನ್ನು ಸುತ್ತುಬಳಸಿ ಮೆಲ್ಲಗೆ ಅತ್ತ ಸರಿದ. ಸಾಹೇಬರು ಕುಂಟುತ್ತಾ ಹಿಂದೆಯೇ ಬಂದರು.

"ನಾನು ಸಿಕ್ಕಿಹಾಕ್ಕೊಂಡಿದ್ದ ಜಾಗನ ಒಂದ್ಸಲ ನೋಡ್ಬೇಕು ಕಣ್ರೀ."

"ಸಾರ್, ಮೊದಲು ಕಾಲಿಗೆ ಪಟ್ಟಿ..."

"ಪಟ್ಟಿ ಆಮೇಲೆ!"

ಸಾಹೇಬರು ಕಣ್ಣಿಟ್ಟರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ದುರ್ಬೀನಪ್ಪನ ಬೆನ್ನಿನಲ್ಲಿ ಬೆವರು ಹಳ್ಳ ಕಟ್ಟಿ ಟವೆಲಿನವರೆಗೆ ಹರಿಯಿತು.

"ವಿಚಿತ್ರ," ಎಂದರು ಕೊನೆಗೆ. "ಮೇಲೆ ನಾನೊಬ್ಬನೇ ಇದ್ದೆ ಅಂದ್ಕೊಂಡಿದ್ದೆ. ಇನ್ನೂ ಇಬ್ಬರಿದಾರಲ್ರೀ! ಪಾಪ, ಒಬ್ಬರನ್ನೊಬ್ಬರು ತಬ್ಕೊಂಡು ಕೂತಿದಾರೆ!"

ಜನ ಹೋ ಎಂದಿತು. ಪೇದೆ ಸೀಟಿ ಊದಿದ. ಷಡ್ಡಕ ಸಾಹೇಬರನ್ನು ಮೆಲ್ಲಗೆ ಸರಿಸಿ ತಾನು ಬಗ್ಗಿದ. ಈ ಸಲ ಅವಸರ ಮಾಡಲಿಲ್ಲ. ತುಟಿ ಅಲ್ಲಾಡಿಸುತ್ತಾ ಏನನ್ನೋ ಎಣಿಸಿದ. ಆಮೇಲೆ ನೆಟ್ಟಗೆ ನಿಂತು, ದುರ್ಬೀನಪ್ಪನ ಕಿವಿಯ ಹತ್ತಿರ ಬಂದ.

"ಇಬ್ಬರಿಗೆ ಹನ್ನೆರಡು ಕಾಲು ಕಣೋ, ಷಡ್ಡಕಾ" ಎಂದು ಪಿಸುಗುಟ್ಟಿದ.

ದುರ್ಬೀನಪ್ಪ ಕಣ್ಣು ಮುಚ್ಚಿಕೊಂಡ.

"ನಿಜ ಸಾಹೇಬ್ರೇ, ಇಬ್ಬರೇ!" ಷಡ್ಡಕ ಎಲ್ಲರಿಗೂ ಕೇಳುವಂತೆ ಕೂಗಿದ. "ಈ ಸಲ ಎರಡು ಕುದುರೆ ಬೇಕಾಗುತ್ತೆ. ನಾಳೆ ಎಷ್ಟು ಬೇಕಾಗುತ್ತೋ ಯಾರಿಗ್ಗೊತ್ತು!" ಎಂದವನೇ ಹಗ್ಗದ ಸುರುಳಿಯನ್ನು ಹೂಮಾಲೆಯಂತೆ ದುರ್ಬೀನಪ್ಪನ ಕೊರಳಿಗೆ ಹಾಕಿದ. "ನಡಿಯಪ್ಪ, ಕಲ್ಲುಗಳು ಕಾಯ್ತಿರ್ತವೆ."