ಮೊದಲನೆಯ ಬೇಡ

ಎಲೆಯ ಮುಂದೆ ಕೂತವನು ಆಡುವ ಮಾತನ್ನು ನಾನು ಎಂದೂ ನಂಬಿದವನಲ್ಲ. ಕೂತವನು ನಾನೇ ಆಗಿದ್ದರೂ ಅಷ್ಟೆ. ನಮ್ಮ ಕಡೆ ಯಾರ ಮನೆಗೆ ಹೋದರೂ "ಕಾಫಿ ತಗೋತೀರಾ?" ಎಂದರೆ "ಅಯ್ಯೋ ಬೇಡ, ಈಗ ತಾನೇ ಆಯ್ತು" ಎನ್ನಬೇಕು. ಆಗಿರುವುದಿಲ್ಲ. ಆಗಿಲ್ಲವೆಂದು ಅವರಿಗೂ ಗೊತ್ತು. "ಅರ್ಧ ಲೋಟ" ಎನ್ನುತ್ತಾರೆ. "ಸುಮ್ಮನೆ ನಿಮಗೆ ತೊಂದರೆ" ಎನ್ನುತ್ತೇವೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿರುತ್ತದೆ, ಬರುವುದು ತುಂಬಿದ ಲೋಟ. ಒಂದು ಸಲ ಮಾತ್ರ, ಹೊಸದಾಗಿ ಪರಿಚಯವಾದ ಒಬ್ಬರ ಮನೆಯಲ್ಲಿ ನಾನು ಬೇಡ ಎಂದಾಗ ಆ ಮಹಾರಾಯರು "ಸರಿ ಹಾಗಾದ್ರೆ" ಎಂದು ಕಾಲು ಚಾಚಿ ಕೂತುಬಿಟ್ಟರು. ಆ ಮನೆಯ ವಿಷಯವನ್ನು ನಾವು ವರ್ಷಗಟ್ಟಲೆ ಆಡಿಕೊಂಡೆವು. ಅವರು ನಾನು ಹೇಳಿದ್ದನ್ನೇ ನಂಬಿದ್ದರು ಎನ್ನುವುದನ್ನು ಬಿಟ್ಟರೆ ಬೇರೆ ತಪ್ಪೇನೂ ಮಾಡಿರಲಿಲ್ಲ.

ಇಂಥ ನನಗೆ ಪರದೇಶದ ಹುಡುಗರಿಗೆ ನಮ್ಮ ಊಟ ಮತ್ತು ಸಂಸ್ಕೃತಿಯನ್ನು ಕಲಿಸುವ ಕೆಲಸ ಬಂತು. ಆಗ ಪೀಣ್ಯದಲ್ಲಿ ಒಂದು ಶೆಡ್ಡು, ಒಂದು ರಾಗಿ ಹೊಲ, ಮತ್ತೊಂದು ಶೆಡ್ಡು ಎಂಬಂತೆ ಕಾರ್ಖಾನೆಗಳು ಏಳುತ್ತಿದ್ದವು. ಅವುಗಳಿಗೆ ಹುಡುಗರನ್ನು ತಯಾರು ಮಾಡುವ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಲೇತು, ಮಿಲ್ಲಿಂಗು ಕಲಿಯಲು ಪೂರ್ವ ಆಫ್ರಿಕದಿಂದಲೂ ಕೆಲವರು ಬರುತ್ತಿದ್ದರು. ಹಿಂದಿನ ವರ್ಷ ಬಂದವರು ದೀಪಾವಳಿಗೆ ಮೊದಲೇ ಗಂಟುಮೂಟೆ ಕಟ್ಟಿದ್ದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಊಟ ಹಿಡಿಸ್ಲಿಲ್ಲ ಕಣ್ರೀ ಅವರಿಗೆ. ಈ ಸಲದವರೂ ಓಡಿಹೋದ್ರೆ ಮುಂದೆ ಯಾರೂ ಬರಲ್ಲ. ಮೊದಲೇ ಒಂದಷ್ಟು ಹೇಳ್ಕೊಟ್ಬಿಡಿ."

"ಸಾರ್, ನಾನು ಡ್ರಾಯಿಂಗ್ ಮೇಷ್ಟ್ರು."

ಅವರು ನನ್ನ ಹೊಟ್ಟೆಯ ಕಡೆ ನೋಡಿ, "ಅನುಭವ ಇದೆಯಲ್ಲ" ಎಂದರು.

ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡುವುದು ನನ್ನ ಜಾಯಮಾನವಲ್ಲ. ಹೊಸ ಹುಡುಗರನ್ನು ಡ್ರಾಯಿಂಗ್ ಹಾಲಿನಲ್ಲಿ ಕೂರಿಸಿ, ಬೋರ್ಡಿನ ಮೇಲೆ ಟಿ-ಸ್ಕ್ವೇರ್ ಇಟ್ಟು ಬಾಳೆಲೆಯ ಪ್ಲಾನ್ ಬರೆದೆ. ಮಧ್ಯದ ದಿಂಡು ಸೆಂಟರ್ ಲೈನ್. ಎಡ ಮೇಲ್ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನಕ್ಕೆ ಒಂದು ವೃತ್ತ, ಸಾರಿಗೆ ಅದರೊಳಗೊಂದು ಗುಳಿ, ಅದನ್ನು ಅಡ್ಡ ಕೊಯ್ದು ತೋರಿಸುವ ಒಂದು ಸೆಕ್ಷನ್. ಇಡೀ ಊಟವೇ ನಾಳೆ ಬೆಳಿಗ್ಗೆ ಎರಕ ಹೊಯ್ಯಲು ಸಿದ್ಧವಾಗಿತ್ತು. ಮುಂದಿನ ಬೆಂಚಿನಲ್ಲಿದ್ದ ಜುಮಾ ಎನ್ನುವ ಉದ್ದನೆಯ ಗಂಭೀರ ಹುಡುಗ ಕೈ ಎತ್ತಿ, ಉಪ್ಪಿಗೂ ಕೋಸಂಬರಿಗೂ ನಡುವಿನ ಅಳತೆಯಲ್ಲಿ ಎಷ್ಟು ಟಾಲರೆನ್ಸ್, ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನೇ ಕೇಳಿದನೇ? ಬೇರೆ ಯಾರಾದರೂ ಕೇಳಿರಬಹುದು. ಆಮೇಲೆ ನಡೆದದ್ದೆಲ್ಲ ಅವನಿಗೆ ಸಂಬಂಧಪಟ್ಟದ್ದರಿಂದ ಒಳ್ಳೆಯ ಮಾತುಗಳನ್ನೆಲ್ಲ ನನ್ನ ನೆನಪು ಅವನ ಬಾಯಿಗೇ ತುರುಕುತ್ತದೆ.

ಕೊನೆಗೆ ಉಪಚಾರದ ಪಾಠ. "ಬಡಿಸೋಕೆ ಬಂದಾಗ ಮೊದಲು ಬೇಡ ಅನ್ನಿ. ತಕ್ಷಣ ಬೇಕು ಅಂದ್ರೆ ಆಸೆಬುರುಕ ಅಂತಾರೆ. ಅವರು ಒತ್ತಾಯ ಮಾಡ್ತಾರೆ. ಮತ್ತೆ ಬೇಡ ಅನ್ನಿ, ಸ್ವಲ್ಪ ಮೆತ್ತಗೆ. ಆಗ ಹಾಕ್ತಾರೆ, ತಿನ್ನಿ."

"ನಿಜವಾಗ್ಲೂ ಬೇಡ ಇದ್ರೆ, ಸಾರ್?"

"ಎಲೆ ಮೇಲೆ ಒಂದು ಕೈ ಅಡ್ಡ ಹಿಡಿದ್ರೆ ಅದು ಬರೀ ನಾಚಿಕೆ. ಎರಡೂ ಕೈ ಇಟ್ಟು, ಮೈಬಗ್ಗಿಸಿ ಎಲೇನೇ ಮುಚ್ಚಿಕೊಂಡ್ರೆ ಅದು ನಿಜವಾದ ಬೇಡ."

ಖಾಲಿ ಬಕೆಟ್ಟು ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಿ ತಾಲೀಮು ಮಾಡಿಸಿದೆ. ಎಲ್ಲರೂ ನಕ್ಕರು. ಜುಮಾ ಮಾತ್ರ ನಗದೆ "ಬೇಡ" ಎಂದ. ಎಷ್ಟು ಸೊಗಸಾಗಿ ಅಂದನೆಂದರೆ, ನಾನೇ ಬಕೆಟ್ಟು ಮರೆತು ನಿಂತೆ.

ಕೆಲವು ವಾರ ಕಳೆಯುವಷ್ಟರಲ್ಲಿ ಜುಮಾನ ಕೆನ್ನೆಗಳು ಒಳಗೆ ಹೋದವು, ಬೆಲ್ಟಿಗೆ ಹೊಸ ತೂತು ಬಿತ್ತು. ಅವನ ಜೊತೆಗಾರರು ಜಾಣರು, ಜಾಲಹಳ್ಳಿ ಕ್ರಾಸಿನ ಮಿಲಿಟರಿ ಹೋಟೆಲು ಹುಡುಕಿಕೊಂಡಿದ್ದರು. ಇವನು ಹಾಸ್ಟೆಲ್ಲಿನ ಮೆಸ್ಸನ್ನೇ ನಂಬಿದ್ದ. ಒಂದು ಸಂಜೆ ನನ್ನ ಮೇಜಿನ ಮುಂದೆ ಬಂದು, "ತಿಂಗಳ ಕೊನೆಗೆ ಊರಿಗೆ ಹೋಗ್ತೀನಿ ಸಾರ್. ಇಲ್ಲಿ ನನ್ನ ಊಟ ನಡೀತಿಲ್ಲ" ಎಂದ. ಅವನ ತಂದೆ ಬಸ್ಸು ರಿಪೇರಿ ಮಾಡುವವರು. ಅವರ ಶೆಡ್ಡಿನಲ್ಲಿ ಒಂದು ಲೇತು ಕೆಟ್ಟು ಬಿದ್ದಿತ್ತು, ಸರಿಮಾಡಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅದನ್ನು ಓಡಿಸಬೇಕೆಂದೇ ಹುಡುಗ ಸಮುದ್ರ ದಾಟಿ ಬಂದಿದ್ದ. ಅರದಿಂದ ಕಬ್ಬಿಣದ ತುಂಡನ್ನು ಉಜ್ಜಿ ಮೂಲೆಮಟ್ಟಕ್ಕೆ ಕೂರಿಸುವುದರಲ್ಲಿ ತರಗತಿಗೇ ಮೊದಲಿಗ. ಅಂಥವನು ಸಾರು ಅನ್ನಕ್ಕೆ ಸೋತು ಹೋಗುವುದೆಂದರೇನು? ಬಿಡುವುದಿಲ್ಲ ಎಂದು ನಿಶ್ಚಯಿಸಿದೆ.

ಖಾರವೇ ಕಾರಣವೆಂದು ತೀರ್ಮಾನಿಸಿ ಮೆಸ್ಸಿನ ಅಡುಗೆಯ ರಂಗಪ್ಪನಿಗೆ ಮೆಣಸಿನಕಾಯಿ ಕಡಿಮೆ ಮಾಡಿಸಿದೆ. ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ದಂಗೆ ಎದ್ದಿತು. ಸಾರಿನ ತಟ್ಟೆಗಳನ್ನು ವಾರ್ಡನ್ನರ ಬಾಗಿಲಲ್ಲಿ ಸಾಲಾಗಿ ಇಟ್ಟರು. ಜುಮಾ ತೆಳ್ಳಗಾಗುತ್ತಲೇ ಹೋದ. ಕೊನೆಗೆ ಒಂದು ಭಾನುವಾರ ಅವನನ್ನು ಯಶವಂತಪುರದ ನಮ್ಮ ಮನೆಗೇ ಕರೆದುಕೊಂಡು ಬಂದೆ. ನನ್ನ ಹೆಂಡತಿ ಸರೋಜ ಎಲೆ ಹಾಕಿದಳು.

"ಅನ್ನ ಹಾಕ್ಲಾ ಮಗು?"

"ಬೇಡ."

"ಬೇಡ ಅಂದ್ರೇನು? ವಯಸ್ಸಿನ ಹುಡುಗ" ಎನ್ನುತ್ತ ಅವಳು ಗುಡ್ಡೆ ಹಾಕಿದಳು. ಹುಳಿ? ಬೇಡ. ಸುರಿದಳು. ಮತ್ತೆ ಅನ್ನ? ಮೆತ್ತಗಿನ ಬೇಡ. ಮತ್ತೆ ಗುಡ್ಡೆ. ಹುಡುಗ ತಲೆ ಎತ್ತದೆ ತಿಂದ. ಅದು ಊಟ ಹಿಡಿಸದವನು ತಿನ್ನುವ ರೀತಿಯಾಗಿರಲಿಲ್ಲ. ಸಂಜೆಗೆಂದು ಎತ್ತಿಟ್ಟದ್ದೂ ಎಲೆಗೆ ಬಂತು. ಸರೋಜ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು.

"ಏನ್ರೀ ಇದು? ಮಗು ಹಸಿದು ಸಾಯ್ತಿದೆ. ಬಾಯಲ್ಲಿ ಬೇಡ ಬೇಡ ಅಂತಿದೆ. ಯಾರು ಕಲಿಸಿದ್ದು ಇದನ್ನ?"

ಪ್ರಶ್ನೆ ಅರ್ಥವಾದಂತೆ ಜುಮಾ ನನ್ನ ಕಡೆ ಗೌರವದಿಂದ ಕೈ ತೋರಿಸಿದ. ಆಮೇಲೆ ನನಗೆ ಹೇಳಿದ: "ಮೆಸ್ಸಿನಲ್ಲೂ ನೀವು ಹೇಳಿದ ಹಾಗೇ ಮೊದಲು ಬೇಡ ಅಂದೆ ಸಾರ್. ಅವರು ಮುಂದಕ್ಕೆ ಹೋಗ್ಬಿಟ್ರು. ಎರಡನೇ ಸಲ ಯಾರೂ ಕೇಳಲಿಲ್ಲ. ಒಂದು ದಿನಾನೂ ಕೇಳಲಿಲ್ಲ. ಈ ಊರಲ್ಲಿ ನಾನು ಇರೋದು ಯಾರಿಗೂ ಇಷ್ಟ ಇಲ್ಲ ಅಂದ್ಕೊಂಡೆ."

ಮೆಸ್ಸಿನಲ್ಲಿ ಉಪಚಾರವಿಲ್ಲವೆಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೇ ಇರಲಿಲ್ಲ. ಎಲ್ಲಿ ಬೇಡ ಅನ್ನಬೇಕು, ಎಲ್ಲಿ ಅನ್ನಬಾರದು ಎನ್ನುವುದನ್ನು ನನಗೂ ಯಾರೂ ಕಲಿಸಿರಲಿಲ್ಲವಲ್ಲ.

ಮರುದಿನವೇ ರಂಗಪ್ಪನ ಹತ್ತಿರ ಓಡಿದೆ. ಹುಡುಗನಿಗೆ ಇನ್ನೊಂದು ಸಲ ಕೇಳಿ ಬಡಿಸಪ್ಪ ಎಂದೆ. ಅವನು ಸೊಂಟದ ಮೇಲೆ ಕೈ ಇಟ್ಟ. "ಇದೇನ್ ಮದ್ವೆ ಮನೇನಾ ಸಾರ್? ಒಬ್ಬೊಬ್ಬರ್ನೂ ಇಂಗೆ ಬೇಡ್ಕೊಂತಾ ಕುಂತ್ರೆ ಕಡೇ ಪಂಕ್ತಿಗೆ ನಾಳೀಕ್ ಊಟ. ಮೊನ್ನೆ ಖಾರ ಬೇಡ ಅಂದ್ರಿ, ನನ್ ಮಾನ ಓಯ್ತು. ಬೇಡ ಅಂದೋರ್ಗೆ ನಾನಂತೂ ಆಕಾಕಿಲ್ಲ."

ಹಾಗಾದರೆ ನಾನೇ ಬಡಿಸುತ್ತೇನೆ ಎಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಪ್ಯಾಂಟು ಮಡಚಿ, ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿದೆ. ಹುಡುಗರಿಗೆ ಹಬ್ಬ. "ಮೇಷ್ಟ್ರೇ, ಸೆಕ್ಷನ್ ನೋಡಿ ಹಾಕಿ!" "ಗುರು, ಸಾರಲ್ಲಿ ಬೇಳೆ ಹಿಡನ್ ಲೈನು ಕಣೋ, ಕಾಣ್ತಾನೇ ಇಲ್ಲ!" ಒಬ್ಬರೂ ಬಿಡಲಿಲ್ಲ. ಜುಮಾನ ಮುಂದೆ ನಿಂತು ಬೇಡ, ಹಾಕ್ತೀನಿ, ಬೇಡ, ಹಾಕ್ತೀನಿ ಎಂದು ಉಪಚಾರ ನಡೆಸಿದೆ. ಜೊತೆಜೊತೆಗೆ ಹೊಸ ಪಾಠವೂ ನಡೆಯಿತು.

"ಮೆಸ್ಸಲ್ಲಿ ಬೇಕು ಅನ್ನಬೇಕು. ಮನೇಲಿ ಮಾತ್ರ ಬೇಡ."

"ಹೋಟೆಲಲ್ಲಿ?"

"ಬೇಕು."

"ಸ್ನೇಹಿತ ಹೋಟೆಲಿಗೆ ಕರ್ಕೊಂಡು ಹೋದ್ರೆ?"

"ಬೇಡ. ಅಂದ್ರೆ ಬೇಕು. ಅಂದ್ರೆ ಮೊದಲು..." ಬಕೆಟ್ಟು ಕೆಳಗಿಟ್ಟೆ. ನನ್ನ ಸಂಸ್ಕೃತಿ ಅಲ್ಲಿಗೆ ಮುಗಿದಿತ್ತು.

ತಿಂಗಳ ಕೊನೆ ಬಂತು. ಜುಮಾನ ಟ್ರಂಕು ಕಟ್ಟಿಯೇ ಇತ್ತು, ಬಿಚ್ಚಿರಲಿಲ್ಲ. ಅವತ್ತು ಬಡಿಸುವವನು ನಾನಲ್ಲ, ರಂಗಪ್ಪ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಾರು ಹತ್ತಿರ ಬಂದಾಗ ಹುಡುಗ ಕಣ್ಣು ಮುಚ್ಚಿ, ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ, "ಬೇಕು!" ಎಂದು ಕೂಗಿದ. ಊಟದ ಮನೆಯೇ ತಿರುಗಿ ನೋಡಿತು. ರಂಗಪ್ಪ ಬೆಚ್ಚಿ ಒಂದು ಸೌಟು ಹಾಕಿದ, ಮುಂದೆ ಹೋದ, ಏನನ್ನಿಸಿತೋ, ಹಿಂದೆ ಬಂದ.

"ಇನ್ನೊಂದ್ ಸೌಟು ಆಕ್ಲೇನಪ್ಪ?"

ಜುಮಾ ನಾಚಿಕೊಂಡು, "ಬೇಡ" ಎಂದ.

ರಂಗಪ್ಪ ಅವನ ಮುಖ ನೋಡಿದ. "ಓ, ಬೇಡ್ವಂತೆ!" ಎನ್ನುತ್ತ ತಟ್ಟೆ ತುಂಬುವಷ್ಟು ಸುರಿದ. ಅವತ್ತು ಸಂಜೆ ಟ್ರಂಕು ಮಂಚದ ಕೆಳಗೆ ಹೋಯಿತು.

ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ನನ್ನ ನೆನಪಿಗೂ ಇಲ್ಲಿಗೇ ನಿಲ್ಲಿಸುವ ಆಸೆ. ಅದಕ್ಕೇನು, ಆಮೇಲಿನದನ್ನು ಅರಗಿಸಿಕೊಳ್ಳಬೇಕಾಗಿ ಬಂದದ್ದು ನನಗೆ, ನೆನಪಿಗಲ್ಲ. ವರ್ಷದ ಕೊನೆಗೆ ಜುಮಾ ಮತ್ತು ಗೆಳೆಯರು ದಾಸರಹಳ್ಳಿಯಲ್ಲಿ ಒಂದು ರೂಮು ಹಿಡಿದು, ನನ್ನನ್ನೂ ಸರೋಜಳನ್ನೂ ಊಟಕ್ಕೆ ಕರೆದರು. ಅಲ್ಲಿ ಏನಿರುತ್ತದೋ ಎಂಬ ಭಯಕ್ಕೆ ನಾನು ಮನೆಯಲ್ಲೇ ಹೊಟ್ಟೆ ತುಂಬ ತಿಂದು ಹೊರಟೆ. ಸರೋಜ ಬೇಡವೆಂದಳು, ನಾನು ಕೇಳಲಿಲ್ಲ. ನೋಡಿದರೆ ನಮಗೆಂದೇ ಮಾಂಸವಿಲ್ಲದ ಅಡುಗೆ ಮಾಡಿದ್ದರು: ಮುಸುಕಿನ ಜೋಳದ ಹಿಟ್ಟಿನ ಬೆಳ್ಳನೆಯ ಮುದ್ದೆ, ಕಡಲೆಕಾಯಿ ಅರೆದು ಹಾಕಿದ ಸೊಪ್ಪು. ಸರೋಜ ಸಂತೋಷವಾಗಿ ಕೈ ಹಾಕಿದಳು.

ಜುಮಾ ಮುದ್ದೆ ಹಿಡಿದು ನನ್ನ ಮುಂದೆ ನಿಂತ. "ಬೇಡ" ಎಂದೆ. ನಿಜವಾಗಿಯೂ ಬೇಡವಾಗಿತ್ತು. ಅವನು ವಿನಯದಿಂದ ನಕ್ಕು ಮುದ್ದೆ ಇಟ್ಟ. ಹೇಗೋ ಮುಗಿಸಿದೆ. ಇನ್ನೊಂದು ಬಂತು. ಎದೆ ಮುಟ್ಟಿ ಬೇಡ ಎಂದೆ. "ಮೆತ್ತಗಿನ ಬೇಡ" ಎಂದು ಗೆಳೆಯರಿಗೆ ವಿವರಿಸಿ ಇಟ್ಟ. ತಟ್ಟೆಗೆ ಕೈ ಅಡ್ಡ ಹಿಡಿದೆ. "ಒಂದು ಕೈ, ನಾಚಿಕೆ" ಎಂದ. ಎರಡೂ ಕೈ ಇಟ್ಟು ಬಗ್ಗಬೇಕು ಎನ್ನುವುದು ನೆನಪಿತ್ತು. ಆದರೆ ಬಗ್ಗಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ.

"ಬಿಡಬೇಡಪ್ಪ ಜುಮಾ, ಅವರು ಸಂಕೋಚದ ಮನುಷ್ಯ" ಎಂದಳು ಸರೋಜ.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಸರೋಜ ಒಳಗಿನಿಂದ ಶುಂಠಿ ಹಾಕಿದ ಮಜ್ಜಿಗೆ ತಂದಳು. ಬೇಡ ಎಂದೆ. ಅವಳು ಲೋಟ ಹಿಡಿದು ನಿಂತೇ ಕೇಳಿದಳು: "ಇದು ನಿಜವಾದ ಬೇಡವೋ, ಪಾಠದ ಬೇಡವೋ?"

ಯೋಚಿಸಿದೆ. ಗೊತ್ತಾಗಲಿಲ್ಲ. ಕುಡಿದೆ.